ಹೇಳಿಸಿದವರ ಹೆಸರು

ಯಲ್ಲಾಪುರದಲ್ಲಿ ನಾಳೆ ನಲ್ಲಿ ನೀರು ಬರುವುದಿಲ್ಲ ಎಂಬುದು ನೂರ್ ಅಹ್ಮದ್ ಹೇಳಿದ ಮೇಲೆಯೇ ನಿಜವಾಗುತ್ತಿತ್ತು. ಅವನ ಆಟೋದ ತಲೆಯ ಮೇಲೆ ಮೈಕಿನ ಎರಡು ಹಾರ್ನು ಕಟ್ಟಿದ್ದವು. ಕರೆಂಟು ತೆಗೆಯುವುದು, ಪೋಲಿಯೋ ಹನಿ, ಟಾಕೀಸಿನ ಹೊಸ ಸಿನೆಮಾ, ಸಂತೆಯಲ್ಲಿ ತಪ್ಪಿಸಿಕೊಂಡ ಮಗು, ಎಲ್ಲ ಸುದ್ದಿಯೂ ಅವನ ಬಾಯಿಂದಲೇ ಬೀದಿಗೆ ಬರುತ್ತಿತ್ತು. ಪ್ರತಿಯೊಂದರ ಕೊನೆಗೆ ಅವನು ಮರೆಯದೆ ಒಂದು ಸಾಲು ಸೇರಿಸುತ್ತಿದ್ದ: "ಹೀಗೆಂದು ಹೇಳಿಸಿದವರು, ಪಟ್ಟಣ ಪಂಚಾಯತಿ." ಇಲ್ಲವೇ, "ಹೀಗೆಂದು ಹೇಳಿಸಿದವರು, ಟಾಕೀಸಿನ ಮಾಲೀಕರು." ಅವನ ಅಬ್ಬಾ ಡಂಗುರ ಹೊಡೆಯುತ್ತಿದ್ದ ಕಾಲದಿಂದ ಬಂದ ಪದ್ಧತಿ ಅದು. ದನಿ ನಮ್ಮದು, ಮಾತು ಅವರದು, ಯಾರದೆಂದು ಹೇಳದೆ ಮುಂದಿನ ಕೇರಿಗೆ ಹೋಗಬಾರದು ಎನ್ನುತ್ತಿದ್ದರು ಅವರು.

ತೊಂಬತ್ತೇಳರ ಗಣೇಶ ಚೌತಿಗೆ ಮೊದಲು ಡ್ರಾಯಿಂಗ್ ಮಾಸ್ತರ ಕಿಶೋರ ಹೆಗಡೆ ಅವನ ಮನೆ ಬಾಗಿಲಿಗೆ ಬಂದ. ಗಣಪತಿ ಪೆಂಡಾಲಿನಲ್ಲಿ ಪ್ರತಿ ವರ್ಷ ಒಂದು ದೃಶ್ಯ ಮಾಡಿ ಕೂರಿಸುವುದು ಅವನ ಹುಚ್ಚು. ಈ ಸಲ ಥರ್ಮಾಕೋಲಿನಲ್ಲಿ ಇಡೀ ಊರನ್ನೇ ಕಟ್ಟಿದ್ದ. ಬಸ್‌ಸ್ಟ್ಯಾಂಡು, ಮಾರ್ಕೆಟ್ಟು, ಮಸೀದಿ, ಶಾಲೆ, ಎಲ್ಲದರ ಹಿಂದೆ ಕಾಡಿನ ನಡುವೆ ಒಂದು ದೊಡ್ಡ ಅಣೆಕಟ್ಟು. ಅಂಥದೊಂದು ಅಣೆಕಟ್ಟು ಕಟ್ಟಲು ಆಗಷ್ಟೇ ಸರ್ವೆಯವರು ಬಂದು ಕಾಡಿನಲ್ಲಿ ಕಲ್ಲು ನೆಟ್ಟು ಹೋಗಿದ್ದರು. ಕಿಶೋರನ ದೃಶ್ಯದಲ್ಲಿ ಅದು ಒಡೆಯುತ್ತಿತ್ತು. ಪಂಪು ಹಾಕಿದರೆ ಕೆಂಪು ನೀರು ಬಂದು ಬಸ್‌ಸ್ಟ್ಯಾಂಡು ಮುಳುಗುತ್ತಿತ್ತು.

"ನೂರಣ್ಣ, ನಿಮ್ಮ ದನಿ ಬೇಕು. ಅಣೆಕಟ್ಟು ಒಡೆದಿದೆ, ತಗ್ಗಿನ ಕೇರಿಯವರು ಶಾಲೆ ಗುಡ್ಡಕ್ಕೆ ಹೋಗಿ ಅಂತ. ಒಂದೇ ನಿಮಿಷ."

ನೂರ್ ಅಹ್ಮದ್ ಹೇಳಿದ. ಕ್ಯಾಸೆಟ್ಟಿನಲ್ಲಿ ತುಂಬಿಸಿದ್ದಾಯಿತು. ಕೊನೆಗೆ ಅಭ್ಯಾಸಬಲದಿಂದ "ಹೀಗೆಂದು ಹೇಳಿಸಿದವರು, ಗಣೇಶೋತ್ಸವ ಸಮಿತಿ" ಎಂದೂ ಸೇರಿಸಿದ. ಕಿಶೋರ ನಕ್ಕ.

"ಅದೊಂದು ತೆಗೀತೆ. ಇಷ್ಟು ಹೆದರ್ಸಿ, ಕಡೀಗೆ ಇದು ನಾಟಕ ಅಂದ್ಬಿಟ್ರೆ ಎಂತ ಉಳೀತು ಹೇಳಿ."

"ಮಾಸ್ತರ್ರೆ, ಅದಿಲ್ದೆ ನಾನು ಯಾವತ್ತೂ ಹೇಳಿದ್ದಿಲ್ಲ."

"ಪೆಂಡಾಲಿನ ಒಳಗೆ ಹಾಕೂದು ಮಾರಾಯ್ರೆ. ಎದುರಿಗೇ ಥರ್ಮಾಕೋಲ್ ಕಾಣ್ತದಲ್ಲ."

ಅದೂ ಸರಿಯೇ ಅನ್ನಿಸಿತು ಅವನಿಗೆ. ಆ ಸಾಲು ಹೋಯಿತು.

ಮೊದಲ ಎರಡು ದಿನ ಜನ ಬಂದರು, ನೋಡಿದರು, ತಮ್ಮ ತಮ್ಮ ಮನೆ ಎಲ್ಲಿ ಮುಳುಗಿತು ಎಂದು ಬೆರಳು ತೋರಿಸಿ ನಕ್ಕರು. ಕೆಲವರು ನಗಲಿಲ್ಲ, ಪೆಂಡಾಲಿನ ಹೊರಗೆ ನಿಂತು ಸರ್ವೆ ಕಲ್ಲಿನ ಬಗ್ಗೆ ಮಾತಾಡಿದರು. ಮೂರನೆಯ ಸಂಜೆ ಮಳೆ ಜೋರಾಯಿತು. ಜನವೆಲ್ಲ ಆಚೆ ಓಣಿಯ ಗಣಪತಿಗೆ ಹೋಗುತ್ತಿದ್ದಾರೆಂದು ಸಮಿತಿಯ ಅಧ್ಯಕ್ಷ ವೆಂಕಟ್ರಮಣ ಶೇಟ್ ಚಡಪಡಿಸಿದ. ಕರೆಯುವುದಕ್ಕೆ ಏನಾದರೂ ಬೇಕಲ್ಲ. ಕ್ಯಾಸೆಟ್ಟನ್ನು ತೆಗೆದು ಹೊರಗಿನ ಕಂಬದ ಹಾರ್ನಿಗೆ ಹಾಕಿಬಿಟ್ಟ.

ಯಾವ ಅಣೆಕಟ್ಟು ಎಂದು ನಿಂತು ಕೇಳಿದವರಿಲ್ಲ. ನೂರ್ ಅಹ್ಮದ್ ಹೇಳಿದ ಮೇಲೆ ಕೇಳುವುದೇನಿದೆ? ತಗ್ಗಿನ ಕೇರಿಯ ಹೆಂಗಸರು ಒಲೆಯ ಮೇಲಿನ ಅನ್ನ ಬಿಟ್ಟು, ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು ಗುಡ್ಡ ಹತ್ತಿದರು. ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುವ ಮುರಿಗೆವ್ವ ಬುಟ್ಟಿ ಹೊತ್ತೇ ಓಡಲು ಹೋಗಿ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಕೈಯ ಎಲುಬು ಮುರಿಯಿತು. ಆ ಹೊತ್ತಿಗೆ ನೂರ್ ಅಹ್ಮದ್ ಆಸ್ಪತ್ರೆಯ ಹತ್ತಿರ ಬಾಡಿಗೆ ಕಾಯುತ್ತಿದ್ದ. ತನ್ನದೇ ದನಿ ಮಳೆಯೊಳಗಿಂದ ಬಂದು ಊರನ್ನು ಓಡಿಸುತ್ತಿರುವುದನ್ನು ಅವನೂ ಕೇಳಿದ. ಒಂದು ಕ್ಷಣ ಅವನೇ ಗುಡ್ಡಕ್ಕೆ ಓಡಲು ಆಟೋ ಸ್ಟಾರ್ಟ್ ಮಾಡಲು ಹೋದನಂತೆ.

ಮರುದಿನ ಬೆಳಿಗ್ಗೆಯೇ ಪೊಲೀಸರು ಪೆಂಡಾಲಿಗೆ ಬಂದು ಗಣಪತಿಯನ್ನು ಬಿಟ್ಟು ಉಳಿದದ್ದಕ್ಕೆಲ್ಲ ಟಾರ್ಪಾಲು ಹೊದಿಸಿದರು. ಕಿಶೋರನಿಗೆ ಶಾಲೆಯಿಂದ ನೋಟೀಸು ಬಂತು. ನೂರ್ ಅಹ್ಮದನನ್ನು ಠಾಣೆಗೆ ಕರೆಸಿದರು. ಸಬ್ ಇನ್ಸ್‌ಪೆಕ್ಟರ್ ಶಿವಪುತ್ರಪ್ಪ ಕೆಟ್ಟ ಮನುಷ್ಯನಲ್ಲ. ಪಕ್ಕದ ಕುರ್ಚಿಯಲ್ಲಿ ಜಿಲ್ಲೆಯಿಂದ ಬಂದ ಅಧಿಕಾರಿಯೊಬ್ಬರು ಕೂತಿದ್ದರು.

"ಕುಂದರ್ರಿ ಸಾಬ್ರ," ಎಂದ ಶಿವಪುತ್ರಪ್ಪ. "ಚಾ ಕುಡೀರಿ. ಕೇಸ್ ಗೀಸ್ ಏನೂ ಬ್ಯಾಡ. ನಿಮ್ಮ ದನೀಲೆ ಊರು ಹೆದರೇತಿ, ನಿಮ್ಮ ದನೀಲೇ ಸಮಾಧಾನ ಆಗ್ಲಿ. ಇಷ್ಟು ಓದಿಬಿಡ್ರಿ."

ಟೈಪು ಮಾಡಿದ ಹಾಳೆಯಲ್ಲಿ ಎರಡು ವಾಕ್ಯಗಳಿದ್ದವು. ಮೊದಲನೆಯದು: ನಿನ್ನೆ ಕೇಳಿಬಂದದ್ದು ನಾಟಕದ ಮಾತು, ಯಾವ ಅಣೆಕಟ್ಟೂ ಒಡೆದಿಲ್ಲ, ಯಾರೂ ಗಾಬರಿಯಾಗಬಾರದು. ಎರಡನೆಯದು: ಮುಂದೆ ಕಟ್ಟಲಿರುವ ಅಣೆಕಟ್ಟೆಯಿಂದ ನಮ್ಮ ಊರಿಗೆ ಎಂದೆಂದಿಗೂ ಅಪಾಯವಿಲ್ಲ, ಈ ಬಗ್ಗೆ ಯಾರೂ ಸಂಶಯ ಹಬ್ಬಿಸತಕ್ಕದ್ದಲ್ಲ.

"ಮೊದಲನೇದು ಹೇಳ್ತೆ ಸಾಹೇಬ್ರೆ. ಅದು ನಾನೇ ಹೇಳ್ಬೇಕಾದದ್ದು," ಎಂದ ನೂರ್ ಅಹ್ಮದ್. "ಎರಡನೇದು ನನಗೆಂತ ಗೊತ್ತು? ಕಟ್ಟಲೇ ಇಲ್ಲ ಇನ್ನೂ."

"ನಿಮಗ ಗೊತ್ತಿರಬೇಕಂತೇನೂ ಇಲ್ರಿ. ಓದಿದ್ರ ಸಾಕು."

"ಕಡೀಗೆ ಹೇಳಿಸಿದವರು ಯಾರು ಅಂತ ಹೇಳ್ಲಿ?"

ಆಗ ಜಿಲ್ಲೆಯ ಅಧಿಕಾರಿ ಮೊದಲ ಬಾರಿ ಬಾಯಿ ತೆರೆದರು. "ಹೆಸರೇನೂ ಬೇಡ. ನೀವೇ ಹೇಳಿದ ಹಾಗಿರಲಿ. ಜನ ನಿಮ್ಮನ್ನು ನಂಬುತ್ತಾರಂತೆ." ಮೇಜಿನ ಮೇಲೆ ಅವನ ಮೈಕಿನ ಪರವಾನಗಿಯ ಫೈಲಿತ್ತು. ಅದರ ಮೇಲೆ ಅವರು ಪೆನ್ನು ಇಟ್ಟರು, ಅಷ್ಟೇ.

ಮನೆಗೆ ಬಂದರೆ ಹೆಂಡತಿ ಶಾಕಿರಾ ಬಾಗಿಲಲ್ಲೇ ನಿಂತಿದ್ದಳು. ಸುದ್ದಿ ಅವನಿಗಿಂತ ಮೊದಲೇ ಬಂದಿತ್ತು.

"ನಿಲೋಫರಳ ಅಬ್ಬಾ, ಓದಿ ಬನ್ನಿ. ಸಿನೆಮಾದವರು ನೂರು ದಿನ ಓಡಿದ ಸಿನೆಮಾ ಅಂತ ಮೊದಲನೇ ದಿನವೇ ಹೇಳಿಸ್ತಾರೆ. ಆಗ ನಿಮಗೆ ಹೊಟ್ಟೆನೋವು ಬಂದಿತ್ತಾ?"

"ಅದರ ಕಡೀಗೆ ಮಾಲೀಕರ ಹೆಸರು ಹೇಳ್ತೆ ನಾನು."

"ಗಣಪತಿಯವರದ್ದಕ್ಕೆ ಹೇಳ್ಲಿಲ್ಲ. ಆ ಮಾಸ್ತರನ ಮಾತು ಕೇಳಿ ಬಿಟ್ರಿ. ಸರ್ಕಾರದ ಮಾತು ಕೇಳಿ ಬಿಡ್ಲಿಕ್ಕೆ ಆಗೂದಿಲ್ವಾ?"

ಅವಳು ಹೇಳಿದ್ದು ಸರಿಯಾದ ಜಾಗಕ್ಕೇ ತಾಗಿತ್ತು. ಮಗಳು ನಿಲೋಫರ್ ಪುಸ್ತಕದಿಂದ ತಲೆಯೆತ್ತಿ ಇಬ್ಬರನ್ನೂ ನೋಡಿ ಮತ್ತೆ ತಗ್ಗಿಸಿದಳು. ಆಟೋ ಮುದಿಯಾಗಿತ್ತು, ಬಾಡಿಗೆಗೆ ಹೊಸ ಟೆಂಪೋಗಳು ಬಂದಿದ್ದವು. ಮನೆ ನಡೆಯುತ್ತಿದ್ದದ್ದು ಮೈಕಿನಿಂದಲೇ.

ಮಧ್ಯಾಹ್ನ ಮುರಿಗೆವ್ವನನ್ನು ನೋಡಲು ಹೋದ. ಕೈಗೆ ಪಟ್ಟಿ ಹಾಕಿಸಿಕೊಂಡು ಮಗಳ ಮನೆಯ ಕಟ್ಟೆಯ ಮೇಲೆ ಕೂತಿದ್ದಳು.

"ಬಾರಪಾ, ಊರು ಮುಳುಗಿಸಿದವನ," ಎಂದಳು. "ಮುಳುಗಿಸಾಂವ ಇದ್ದಿ, ಸೊಪ್ಪು ಮಾರಿದ ಮ್ಯಾಲಾದ್ರೂ ಮುಳುಗಿಸಬಾರದೇನು?"

ಅವನಿಗೆ ನಗು ಬರಲಿಲ್ಲ. "ತಪ್ಪಾಯ್ತು, ಅವ್ವ."

"ನಿನ್ನ ದನಿ ಅಂತ ಓಡಿದ್ನಿ. ಬ್ಯಾರೇದವ ಒದರಿದ್ರ ಕುಂತಲ್ಲೇ ಇರ್ತಿದ್ನಿ." ಪಟ್ಟಿ ಕಟ್ಟಿದ ಕೈಯನ್ನು ಮಡಿಲಿಗೆ ಸರಿಸಿಕೊಂಡಳು. "ಅದಿರ್ಲಿ, ಖರೇ ಹೇಳು. ಅದನ್ನ ಕಟ್ಟಿದ್ರ, ಒಡೀತೈತೇನು?"

"ನಂಗೊತ್ತಿಲ್ಲ."

"ಹಂಗಾರ ಗೊತ್ತಿಲ್ಲ ಅಂತ ಹೇಳು. ಗೊತ್ತಾದಾಗ ನಂಗ ಮೊದಲು ಹೇಳು. ನಾ ಲಗೂನ ಓಡಾಕ ಆಗಂಗಿಲ್ಲ ಇನ್ನ."

ಸಂಜೆ ಕಾನ್‌ಸ್ಟೇಬಲ್ ನಾಗಪ್ಪ ಹಾಳೆ ಹಿಡಿದು ಆಟೋದ ಹಿಂದಿನ ಸೀಟಿನಲ್ಲಿ ಕೂತ. ಮಳೆ ನಿಂತಿತ್ತು. ಮಾರ್ಕೆಟ್ಟಿನ ಮುಂದೆ ಆಟೋ ನಿಲ್ಲಿಸಿ ನೂರ್ ಅಹ್ಮದ್ ಮೈಕು ಕೈಗೆತ್ತಿಕೊಂಡ. ಅಂಗಡಿಗಳಲ್ಲಿ ತಕ್ಕಡಿ ನಿಂತವು. ಜನ ಹತ್ತಿರ ಬರಲಿಲ್ಲ, ಇದ್ದಲ್ಲಿಂದಲೇ ತಿರುಗಿದರು. ಪಾನ್ ಅಂಗಡಿಯ ಪಕ್ಕ ಕಿಶೋರ ನಿಂತಿರುವುದು ಕಂಡಿತು.

ಮೊದಲ ವಾಕ್ಯವನ್ನು ನಿಧಾನವಾಗಿ, ಎರಡು ಸಲ ಓದಿದ. ನಿನ್ನೆಯದು ನಾಟಕ. ಅದಕ್ಕೆ ಹಾಳೆಯಲ್ಲಿಲ್ಲದ್ದನ್ನೂ ಸೇರಿಸಿದ: ನಾಟಕವೆಂದು ನಾನು ಹೇಳಬೇಕಾಗಿತ್ತು, ಹೇಳಲಿಲ್ಲ, ಬಿದ್ದವರು ಮನ್ನಿಸಬೇಕು. ಆಮೇಲೆ ಎರಡನೆಯ ವಾಕ್ಯ. ಅಣೆಕಟ್ಟೆಯಿಂದ ಎಂದೆಂದಿಗೂ ಅಪಾಯವಿಲ್ಲ. ಒಂದಕ್ಷರ ಬಿಡದೆ, ನೀರು ಬರುವುದಿಲ್ಲ ಎಂದು ಹೇಳುವ ಅದೇ ದನಿಯಲ್ಲಿ ಓದಿದ. ನಾಗಪ್ಪ ಹಾಳೆ ಮಡಚಲು ಕೈ ಚಾಚಿದ.

"ಹೀಗೆಂದು ಹೇಳಿಸಿದವರು," ಎಂದ ನೂರ್ ಅಹ್ಮದ್ ಮೈಕಿನಲ್ಲಿ, "ಸರ್ಕಾರ."

ತಕ್ಕಡಿಗಳು ಮತ್ತೆ ಅಲುಗಾಡಿದವು. ಯಾರೋ "ಹೌದಾ" ಎಂದು ಎಳೆದದ್ದು ಕೇಳಿತು. ಕಿಶೋರ ನೆಲ ನೋಡುತ್ತಿದ್ದ.

"ಅದು ಹಾಳೀಲಿ ಇಲ್ಲ ಮಾರಾಯ," ಎಂದ ನಾಗಪ್ಪ ತಗ್ಗಿದ ದನಿಯಲ್ಲಿ.

"ಪಂಚಾಯತಿಯವರ ಹಾಳೀಲೂ ಇರೂದಿಲ್ಲ, ನಾಗಪ್ಪಣ್ಣ. ನಾನು ಯಾವಾಗಲೂ ಹೇಳ್ತೆ."

"ಮುಂದಿನ ಸರ್ಕಲ್ಲಿನಲ್ಲಿ ಬಿಟ್ಟುಬಿಡು. ನಾನು ಕೇಳಿಲ್ಲ ಅಂತ ಹೇಳ್ತೆ."

ಮುಂದಿನ ಸರ್ಕಲ್ಲಿನಲ್ಲೂ ಅವನು ಬಿಡಲಿಲ್ಲ. ಮೂರನೆಯದಕ್ಕೆ ಹೋಗುವ ಮೊದಲೇ ಆಟೋ ಠಾಣೆಗೆ ತಿರುಗಿತು. ಹಾರ್ನುಗಳನ್ನು ಅವನಿಂದಲೇ ಬಿಚ್ಚಿಸಿದರು. ಪರವಾನಗಿ ವಿಚಾರಣೆಯಲ್ಲಿದೆ ಎಂದರು. ಶಿವಪುತ್ರಪ್ಪ ಅವನ ಮುಖ ನೋಡದೆ, "ಸುಮ್ನ ಓದಿದ್ರ ಏನ್ ಹೋಗ್ತಿತ್ರಿ" ಎಂದ.

ಚೌತಿ ಕಳೆದ ಮೇಲೆ ಒಂದು ಸಂಜೆ ಬೀದಿಯಲ್ಲಿ ಬೇರೊಂದು ಆಟೋ ಕೂಗಿಕೊಂಡು ಹೋಯಿತು. ನಾಳೆ ನಲ್ಲಿ ನೀರು ಬರುವುದಿಲ್ಲವಂತೆ. ಹೇಳಿಸಿದವರ ಹೆಸರಿರಲಿಲ್ಲ. ಸ್ವಲ್ಪ ಹೊತ್ತಿಗೆ ತಗ್ಗಿನ ಕೇರಿಯ ಇಬ್ಬರು ಹೆಂಗಸರು ಬಂದು ಬಾಗಿಲಲ್ಲಿ ನಿಂತರು.

"ಹೌದಾ ನೂರಣ್ಣ? ನಾಳೆ ನೀರಿಲ್ವಾ?"

ನೂರ್ ಅಹ್ಮದ್ ಬೋಳು ತಲೆಯ ಆಟೋವನ್ನು ಒರೆಸುತ್ತಿದ್ದವನು ಬಟ್ಟೆ ಹಿಂಡಿದ. "ನಂಗೆ ಯಾರೂ ಹೇಳಿಲ್ಲ ಅಕ್ಕ," ಎಂದ.

ಅವರು ಹೋಗದೆ ಅಲ್ಲೇ ನಿಂತರು. ಒಳಗೆ ಶಾಕಿರಾ ಯಾರನ್ನೂ ಕೇಳದೆ ಕೊಡಗಳನ್ನು ಒಂದೊಂದಾಗಿ ನಲ್ಲಿಯ ಕೆಳಗೆ ಇಡತೊಡಗಿದ್ದಳು.