ಇಂಧನದ ಮುಳ್ಳು

ವಕೀಲನ ಬೂಟು ಮತ್ತೆ ಕಿರುಗುಟ್ಟಿತು, ಹೋಗುವಾಗೊಮ್ಮೆ, ಬರುವಾಗೊಮ್ಮೆ, ವಿಚಿಟಾ ಕೋರ್ಟಿನ ಈ ಮೊಗಸಾಲೆಯಲ್ಲಿ ಕೂತು ಬೆನ್ನೆಲ್ಲ ಬೆವರು, ಪಕ್ಕದಲ್ಲಿ ಆರ್ಲೀನ್, ನನ್ನ ತಮ್ಮ ಲಾಯಲ್‌ನ ಹೆಂಡತಿ — ಅಲ್ಲ, ವಿಧವೆ, ಆ ಮಾತು ಇನ್ನೂ ನಾಲಿಗೆಗೆ ಹತ್ತುವುದಿಲ್ಲ — ಕೈಚೀಲದ ಕೊಂಡಿ ತೆಗೆಯುತ್ತಾಳೆ, ಹಾಕುತ್ತಾಳೆ, ತೆಗೆಯುತ್ತಾಳೆ, ಸಾಕು ಮಾಡೇ ಅನ್ನಬೇಕು, ಅನ್ನಲಾರೆ, ಅವಳು ದಾವೆ ಹೂಡಿರುವುದು ನನಗೆ ಅನ್ನ ಹಾಕುವ ವಿಮಾನ ಕಾರ್ಖಾನೆಯ ಮೇಲೆ. ಲಾಯಲ್ ಬಿದ್ದ ವಿಮಾನ ನಮ್ಮಲ್ಲೇ ತಯಾರಾದದ್ದು, ನಾನು ರೆಕ್ಕೆಗೆ ರಿವೆಟ್ ಹೊಡೆಯಲು ಸೇರುವುದಕ್ಕೂ ಎಷ್ಟೋ ಮೊದಲು, ಕೈಯಿಂದ ಕೈಗೆ ದಾಟಿ ಅವನಿಗೆ ಸಿಕ್ಕಿತ್ತು, ಹೊಸದನ್ನು ಕೊಳ್ಳಲು ಯಾರ ಕೈಲಾಗುತ್ತದೆ, ಅದೇ ರೆಕ್ಕೆ, ಅದೇ ಇಂಜಿನ್ನು, ಬೆಲೆ ಮಾತ್ರ ವರ್ಷ ವರ್ಷ ಮೇಲೆ, ಮೇಸ್ತ್ರಿ ಡೆಲ್ಮರ್ ಸ್ಯಾಂಡ್‌ವಿಚ್ ಅಗಿಯುತ್ತಾ, ನೋಡು ವೆರ್ನಾ, ನಾವೀಗ ಸೀಟು ಹಾಕ್ತಿರೋದೆಲ್ಲ ವಕೀಲ್ರಿಗೆ ಕಣೇ, ಜಾಗ ಉಳಿದ್ರೆ ಪೈಲಟ್ಟು, ಎಲ್ಲರೂ ನಕ್ಕರು, ನಕ್ಕವರಲ್ಲಿ ಅರ್ಧ ಜನ ಈಗ ಕೆಲಸ ಹೋಗಿ ಮನೆಯಲ್ಲಿದ್ದಾರೆ. ಅಪ್ಪನ ಕಾಲದ ವಿಮಾನ ಇವತ್ತು ಬಿದ್ದರೂ ಮಾಡಿದವನೇ ಹೊಣೆ, ಆ ಹೊಣೆಗೆ ಕಟ್ಟುವ ವಿಮೆಯೆಲ್ಲ ಹೊಸ ವಿಮಾನದ ಬೆಲೆಯ ಮೇಲೆ, ಬೆಲೆ ಏರಿತೆಂದು ಕೊಳ್ಳುವವರಿಲ್ಲ, ಮಾರಾಟವಾಗುವ ನಾಲ್ಕರ ತಲೆಗೆ ಇನ್ನಷ್ಟು ವಿಮೆ — ಇದನ್ನು ಆರ್ಲೀನ್‌ಗೆ ಹೇಳುವುದು ಹೇಗೆ, ಅವಳ ಕಿರಿಯ ಮಗಳು ಈಗಲೂ ಆಕಾಶದಲ್ಲಿ ಸದ್ದಾದರೆ ಅಂಗಳಕ್ಕೆ ಓಡುತ್ತಾಳೆ. ವೆರ್ನಕ್ಕ, ನೀವೇನು ಸುಳ್ಳು ಹೇಳೋದು ಬೇಡ, ನೆನಪಿಲ್ಲ ಅಂದ್ಬಿಡಿ ಸಾಕು, ನಿನ್ನೆ ಪಾತ್ರೆ ಒರೆಸುತ್ತಾ ಆರ್ಲೀನ್ ಅಂದಳು. ನೆನಪಿಲ್ಲವೇ? ಇಂಧನದ ಮುಳ್ಳು ಟ್ಯಾಂಕು ತುಂಬಿದೆಯೆಂದು ತೋರಿಸಿ ಅವನನ್ನು ಮೋಸಗೊಳಿಸಿತು, ಇಂಧನ ತೀರಿ ವಿಮಾನ ಬಿತ್ತು ಎಂದು ದಾವೆ, ಅದು ನಿಂತಿರುವುದೇ ಆ ಮುಳ್ಳಿನ ಮೇಲೆ, ಕೆಟ್ಟದ್ದು ಅವನಿಗೆ ಮೊದಲೇ ಗೊತ್ತಿತ್ತೆಂದರೆ ಬಿದ್ದುಹೋಗುತ್ತದೆ, ಈಸ್ಟರ್ ಊಟಕ್ಕೆ ಬಂದ ಲಾಯಲ್ ಮಾಂಸ ಕೊಯ್ಯುತ್ತಾ, ಅಕ್ಕಾ, ಆ ಮುಳ್ಳು ಕೆಟ್ಟು ಎಷ್ಟು ಕಾಲ ಆಯ್ತು, ನಾನು ಟ್ಯಾಂಕಿಗೆ ಕಡ್ಡಿ ಇಳಿಸಿ ನೋಡಿ ಹಾರ್ತೀನಿ, ರಿಪೇರಿ ಗಿಪೇರಿ ಯಾಕೆ, ನಾನು ಬೈದೆ, ಅವನು ನಕ್ಕು ದೊಡ್ಡ ತುಂಡನ್ನು ನನ್ನ ತಟ್ಟೆಗೇ ಹಾಕಿದ.

ವೆರ್ನಾ ಉನ್ರೂ — ಕರೆಯುತ್ತಿದ್ದಾರೆ, ಏಳುತ್ತೇನೆ, ಕಟಕಟೆಯ ಮರ ತಣ್ಣಗಿದೆ, ಕಂಪನಿಯ ವಕೀಲ ಹತ್ತಿರ ಬಂದು, ಮೇಡಂ, ಮುಳ್ಳು ಕೆಟ್ಟಿರೋದು ನಿಮ್ಮ ತಮ್ಮನಿಗೆ ಗೊತ್ತಿತ್ತಾ, ಅನ್ನುತ್ತಾನೆ, ನೆನಪಿಲ್ಲ ಅನ್ನು ವೆರ್ನಾ, ಅನ್ನು, ನಮ್ಮ ವಿಭಾಗ ಹೇಗೂ ಮುಚ್ಚುತ್ತದೆ, ನಿಜ ಹೇಳಿದರೂ ಉಳಿಯುವುದಿಲ್ಲ, ಆ ಮಕ್ಕಳಿಗಾದರೂ ಏನಾದರೂ ಸಿಗಲಿ, ಲಾಯಲ್, ಯಾಕೋ ಹೇಳಿದೆ ನನಗೆ, ಅವತ್ತು ಆ ಕಡ್ಡಿ ಯಾಕೋ ಇಳಿಸಲಿಲ್ಲ — ಗೊತ್ತಿತ್ತು, ಅಂದೆ, ಅವನೇ ಹೇಳಿದ್ದ. ಕೈಚೀಲದ ಕೊಂಡಿಯ ಸದ್ದು ನಿಂತಿತು.

ಹೊರಗೆ ಜುಲೈ ಬಿಸಿಲು, ಬೆಳಿಗ್ಗೆ ಇಬ್ಬರೂ ಬಂದದ್ದು ಆರ್ಲೀನ್‌ಳ ಕಾರಿನಲ್ಲಿ, ಅವಳು ಮೊದಲೇ ಬಂದು ಸ್ಟಿಯರಿಂಗ್ ಹಿಡಿದು ಕೂತಿದ್ದಾಳೆ, ನನ್ನ ಕಡೆ ನೋಡುವುದಿಲ್ಲ, ಬಿಟ್ಟು ಹೋಗುವುದೂ ಇಲ್ಲ, ನಾನು ಈಚೆ ಬಾಗಿಲ ಬಳಿ, ಗಾಜಿನಾಚೆ ಬೀಗದ ಪುಟ್ಟ ಗುಂಡಿ, ಒಳಗಿನಿಂದ ಅವಳೇ ಎತ್ತಬೇಕು, ಬಯ್ಯೇ ಆರ್ಲೀನ್, ಏನಾದ್ರೂ ಅನ್ನು, ಅವಳ ಬೆರಳು ಕದಲಿತೇ, ಇಲ್ಲ, ಆ ಗುಂಡಿ, ಕೆಳಗೇ ಇದೆ, ಕಪ್ಪು ಗುಂಡಿ, ಕೆಳಗೇ —