ಒಂದು ಕೈ ವಾರ್ನಿಶ್

ವಾರ್ನಿಶ್ ಹಚ್ಚದ ಸಾಮಾನು ಬಡಗಿಯ ಅಂಗಡಿಯ ಹೊಸ್ತಿಲು ದಾಟಿದ್ದೇ ಇಲ್ಲ. ಮೇಜಿನ ಅಡಿಭಾಗವನ್ನು ಯಾರೂ ನೋಡುವುದಿಲ್ಲ ಮಾರಾಯ ಎಂದು ಗಿರಾಕಿ ಗೋಗರೆದರೂ ಅಷ್ಟೇ. "ನಾನು ನೋಡ್ತೀನಲ್ಲ" ಎಂದು ಮೇಜನ್ನು ಮಗುಚಿ ಹಾಕಿ ಅಡಿಗೂ ಒಂದು ಕೈ ಬಳಿಯುತ್ತಿದ್ದ. ಮೂವತ್ತು ವರ್ಷದ ಈ ಹಟದಿಂದ ಅವನಿಗೆ ಒಳ್ಳೆಯ ಕೆಲಸಗಾರನೆಂಬ ಹೆಸರು ಬಂದಿತ್ತು, ಹೇಳಿದ ದಿನಕ್ಕೆ ಕೊಡದವನೆಂಬ ಹೆಸರೂ ಬಂದಿತ್ತು. ಎರಡನ್ನೂ ಅವನು ಒಂದೇ ಕಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದ. ಇನ್ನೊಂದು ಕಿವಿಯ ಮೇಲೆ ಸದಾ ಪೆನ್ಸಿಲು ಕೂತಿರುತ್ತಿತ್ತು.

ಮಗಳು ಚಿತ್ರ ಬಿಡಿಸಲು ಕಲಿತದ್ದು ಆ ಪೆನ್ಸಿಲಿನಿಂದಲೇ. ಉಳಿಯಿಂದ ಕೆತ್ತಿ ಚೂಪು ಮಾಡಿದ ಚಪ್ಪಟೆ ಮೋಟು ಪೆನ್ಸಿಲು. ನಾಲ್ಕು ವರ್ಷದವಳಿದ್ದಾಗ ಅದನ್ನು ಹಿಡಿದು ಬೀರುವಿನ ಹಲಗೆಗಳ ಮೇಲೆಲ್ಲ ಬೆಕ್ಕು ಬರೆದಿಟ್ಟಳು. ಬಡಗಿ ಗದರಲಿಲ್ಲ. ಬೆಕ್ಕುಗಳು ಒಳಮೈಗೆ ಬರುವಂತೆ ಹಲಗೆ ಜೋಡಿಸಿ, ಮೇಲೆ ವಾರ್ನಿಶ್ ಹಚ್ಚಿ ಕಳಿಸಿದ. ಇಪ್ಪತ್ತೆರಡು ವರ್ಷ ಆದ ಮೇಲೆ ಅಂಥದ್ದೊಂದು ಬೀರು ರಿಪೇರಿಗೆ ಬಂದಾಗ ಬಾಗಿಲು ತೆಗೆದು ನೋಡಿದರೆ, ಬೆಕ್ಕಿನ ಒಂದು ಮೀಸೆಯೂ ಅಳಿಸಿರಲಿಲ್ಲ. ಇದನ್ನು ನೆನಪಿಡಬೇಕು, ಏಕೆಂದರೆ ಅವನೂ ನೆನಪಿಟ್ಟುಕೊಂಡಿದ್ದ.

ಮಗಳು ಈಗ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಬಿಚ್ಚಿ, ಒಳಮೈಯಲ್ಲಿ ಗಿರಾಕಿಗಳ ಮುಖ ಬಿಡಿಸುತ್ತಿದ್ದಳು. ಅವುಗಳನ್ನು ಮೊದಲು ಕಂಡುಹಿಡಿದವರು ನಕ್ಷೆ ಮೇಷ್ಟ್ರು. ಜಮೀನಿನ ನಕ್ಷೆ ಬರೆದು ನಿವೃತ್ತರಾಗಿದ್ದ ಅವರು ಮೇಜಿನ ಕಾಲು ಮುರಿಯಿತೆಂದು ಬಡಗಿಯ ಹತ್ತಿರ ಬಂದವರು, ಆ ರಟ್ಟುಗಳನ್ನು ನೋಡಿ ಮೇಜಿನ ಮಾತೇ ಮರೆತರು. ಮರುದಿನದಿಂದ ಪಾಠ ಶುರು. ಆರು ವರ್ಷ ವಾರಕ್ಕೆ ಮೂರು ಸಂಜೆ, ರಬ್ಬರು ಮುಟ್ಟುವ ಹಾಗಿಲ್ಲ. "ತಪ್ಪು ಗೆರೆ ಅಲ್ಲೇ ಇರ್ಲಿ, ಅದರ ಪಕ್ಕ ಸರಿ ಗೆರೆ ಹಾಕು" ಎನ್ನುತ್ತಿದ್ದರು. ಅವರ ಮೇಜಿನ ಕಾಲು ಮಾತ್ರ ಇನ್ನೂ ರಿಪೇರಿಯಾಗಿರಲಿಲ್ಲ.

ಚಿತ್ರಶಾಲೆಯ ಸುದ್ದಿ ತಂದವರೂ ಅವರೇ. ಒಂದೇ ಒಂದು ಪೆನ್ಸಿಲ್ ಚಿತ್ರ ನೋಡಿ ಇಬ್ಬರನ್ನು ಆರಿಸಿ ಎರಡು ವರ್ಷ ಕಲಿಸುತ್ತಾರೆ. ಇಪ್ಪತ್ತಾರು ದಾಟಿದವರಿಗೆ ಅವಕಾಶವಿಲ್ಲ. ಮಗಳಿಗೆ ಇಪ್ಪತ್ತಾರು ನಡೆಯುತ್ತಿತ್ತು. ಈ ಸಲ ತಪ್ಪಿದರೆ ತಪ್ಪಿತು.

ಚಿತ್ರಕ್ಕೆ ಕೂರಲು ಅವಳು ಮೊದಲು ಕೇಳಿದ್ದು ಅಪ್ಪನನ್ನೇ. "ನಾನು ಕೂತ್ರೆ ಕೆಲಸ ನಿನ್ನ ತಾತ ಬಂದು ಮಾಡ್ತಾನಾ?" ಎಂದ ಬಡಗಿ. ಹಾಗಾಗಿ ತಾಯಿ ಕೂತಳು. ಬಟ್ಟೆ ಹೊಲಿಯುವವಳು ಅವಳು. ಸೂಜಿಗೆ ದಾರ ಪೋಣಿಸುವ ಅವಳ ಎರಡು ಕೈಗಳು ಕಾಗದದ ಮೇಲೆ ಮೂಡಲು ನಾಲ್ಕು ತಿಂಗಳು ಬೇಕಾಯಿತು. ಶನಿವಾರ ಮೇಷ್ಟ್ರು ಬಂದು ನೋಡಿ, "ಸೋಮವಾರ ಸಂಜೆ ಐದರೊಳಗೆ ಕೊಟ್ಟುಬಿಡೋಣ. ಕೈ ತಾಗಿದ್ರೆ ಮಸುಕಾಗುತ್ತೆ, ಮೇಲೊಂದು ತೆಳು ಲೇಪ ಬೇಕು" ಎಂದರು.

ಲೇಪ! ಲೇಪದ ವಿಷಯದಲ್ಲಿ ತನ್ನನ್ನು ಮೀರಿಸುವವರು ಯಾರಿದ್ದಾರೆ ಎಂದು ಬಡಗಿಯ ಎದೆ ಉಬ್ಬಿತು. ಇಷ್ಟು ವರ್ಷದಲ್ಲಿ ಮಗಳ ಚಿತ್ರದ ಬಗ್ಗೆ ಒಂದು ಒಳ್ಳೆಯ ಮಾತು ಅವನ ಬಾಯಿಂದ ಹೊರಟಿರಲಿಲ್ಲ. ಮೆಚ್ಚಿಕೆ ಇಲ್ಲವೆಂದಲ್ಲ, ಮಾತು ಬರುತ್ತಿರಲಿಲ್ಲ. ಈಗ ಕೈಯಿಂದಲಾದರೂ ಹೇಳಬಹುದು ಎನಿಸಿತು.

ಭಾನುವಾರ ಬೆಳಿಗ್ಗೆ ಹೊಲಿದ ಬಟ್ಟೆ ಕೊಡಲು ಹೆಂಡತಿಯೂ ಮಗಳೂ ಹೋದಾಗ ಚಿತ್ರವನ್ನು ಕೆಲಸದ ಮೇಜಿನ ಮೇಲೆ ಹಾಸಿ, ಇದ್ದುದರಲ್ಲೇ ಮೆತ್ತಗಿನ ಬ್ರಷ್ಷು ಅದ್ದಿ ಒಂದು ಎಳೆ ಎಳೆದ. ಕಾಗದ ಬಾಯಾರಿದವರ ಹಾಗೆ ಕುಡಿಯಿತು. ಬಿಳಿ ಹೋಗಿ ಹಳದಿಯಾಯಿತು, ಮತ್ತೆ ನೋಡನೋಡುತ್ತಲೇ ಆಚೆ ಬದಿ ಕಾಣತೊಡಗಿತು. ಹೆಂಡತಿಯ ಬೆರಳುಗಳ ನಡುವೆ ಮೇಜಿನ ಮರದ ಗಂಟು ಮೂಡಿತು. ಗಾಬರಿಯಲ್ಲಿ ಇನ್ನೊಂದು ಎಳೆ ಎಳೆದರೆ ಸೂಜಿ ಬೂದು ಕೆಸರಾಗಿ ಹರಡಿತು. ವಾರ್ನಿಶ್ ಚೆಲ್ಲಿದ ಕಡೆ ಮರದ ಹೊಟ್ಟು ಸುರಿಯುವುದು ರೂಢಿ, ಕೈ ತಾನಾಗಿ ಹೊಟ್ಟು ಸುರಿಯಿತು. ಅದು ಅಂಟಿಕೊಂಡು ಹೆಂಡತಿಯ ಕೈಗಳಿಗೆ ಕರಡಿಯ ಕೂದಲು ಬಂತು.

ಓಡಿದ್ದು ಮೇಷ್ಟ್ರ ಮನೆಗೆ.

"ಮೇಷ್ಟ್ರೇ, ಆ ಲೇಪ ನಾನು ಹಚ್ಚಿಬಿಟ್ಟೆ."

"ಯಾವುದು ಹಚ್ಚಿದ್ರಿ?"

"ವಾರ್ನಿಶ್ಶು. ಬೀರುವಿನ ಬೆಕ್ಕುಗಳು ಇನ್ನೂ ಹಾಗೇ ಇವೆಯಲ್ಲ ಅಂತ..."

ಮೇಷ್ಟ್ರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ಕೂತರು. "ಅದು ಮರ, ಇದು ಕಾಗದ. ಯಾವ ಲೇಪ ಅಂತ ಬಿಡಿಸಿ ಹೇಳದೆ ಇದ್ದದ್ದು ನನ್ನ ತಪ್ಪು. ಆದ್ರೆ ನನ್ನ ಮುಂದೆ ಹೇಳಿ ಏನು ಬಂತು? ಅವಳ ಹತ್ರ ಹೋಗಿ ಹೇಳಿ." ಕಪಾಟಿನಿಂದ ಒಂದು ದಪ್ಪ ಬಿಳಿ ಹಾಳೆ ತೆಗೆದು, ಬಾಗಿಲವರೆಗೆ ಬಂದು ಕೊಟ್ಟರು. "ಬರಿಗೈಲಿ ಹೋಗಬೇಡಿ."

ಮಗಳು ಕೂಗಾಡಲಿಲ್ಲ. ಮೇಜಿನ ಮೇಲಿದ್ದುದನ್ನು ನೋಡಿದಳು, "ನಾಲ್ಕು ತಿಂಗಳು ಅಪ್ಪಾ" ಎಂದಳು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಡತಿಯಾದರೂ ಬಾಯಿ ಬಿಟ್ಟಳು: "ಕೈ ಜೋಮು ಹಿಡಿದ್ರೂ ಉಸಿರೆತ್ತದೆ ಕೂತಿದ್ದೆ ಕಣ್ರೀ. ನಿಮಗೆ ಒಂದು ದಿನ ಕೈ ಕಟ್ಕೊಂಡು ಇರೋಕಾಗಲ್ವಾ?" ಬೈಗುಳ ಇನ್ನಷ್ಟು ಇದ್ದಿದ್ದರೆ ಬಡಗಿಗೆ ಹಗುರವಾಗುತ್ತಿತ್ತು. ಬಾಗಿಲ ಹೊರಗೆ ಆ ಬಿಳಿ ಹಾಳೆ ಹಿಡಿದು ಒಂದು ಗಂಟೆ ನಿಂತೇ ಇದ್ದ.

ಬಾಗಿಲು ತೆರೆಯಿತು. ಮಗಳ ಕಣ್ಣು ಕೆಂಪಾಗಿತ್ತು. ಹಾಳೆ ಕಸಿದುಕೊಂಡು, ಕಿಟಕಿಯ ಹತ್ತಿರ ಸ್ಟೂಲು ಎಳೆದಿಟ್ಟಳು.

"ಕೂತ್ಕೋ."

"ನಾನಾ?"

"ಅಮ್ಮನ್ನ ಮತ್ತೆ ಕೂರಿಸೋಕೆ ನಂಗೆ ಮುಖ ಇಲ್ಲ. ನಾಳೆ ಸಂಜೆ ತನಕ ಟೈಮಿದೆ. ಅಲುಗಾಡಿದ್ರೆ ನೋಡು ಮತ್ತೆ."

ಬಡಗಿ ಕೂತ. ಮೂಗಿನ ತುದಿಗೆ ನೊಣ ಬಂದರೂ ಕೂತ. ಕತ್ತು ಮರದ ಕೊರಡಾಯಿತು. ಗರಗಸ ಎದುರಿಗೇ ತೂಗುತ್ತಿತ್ತು, ನೋಡಬಹುದಿತ್ತು, ಮುಟ್ಟುವ ಹಾಗಿರಲಿಲ್ಲ. ಬೇರೇನೂ ಮಾಡಲಾಗದೆ ಅವನು ಮಗಳನ್ನು ನೋಡಿದ. ತೋಳು ಚಾಚಿ, ಪೆನ್ಸಿಲು ನೆಟ್ಟಗೆ ಹಿಡಿದು, ಒಂದು ಕಣ್ಣು ಮುಚ್ಚಿ, ನಾಲಿಗೆಯನ್ನು ಕೆನ್ನೆಗೆ ಒತ್ತಿ ಅವಳು ಅಳೆಯುತ್ತಿದ್ದಳು. ಹಲಗೆಯ ಅಂಚು ಸರಿಯಿದೆಯೇ ಎಂದು ತಾನು ನೋಡುವುದೂ ಹೀಗೆಯೇ, ಕೆನ್ನೆಯ ಆ ನಾಲಿಗೆಯ ಸಮೇತ. ಇದನ್ನು ಮೇಷ್ಟ್ರು ಕಲಿಸಿರಲಿಲ್ಲ. ಬೆಕ್ಕು ಬರೆಯುತ್ತ ಮೇಜಿನ ಕೆಳಗೆ ಕೂತಿದ್ದ ಹುಡುಗಿ ಇಷ್ಟನ್ನೆಲ್ಲ ಗಮನಿಸಿದ್ದಳು, ತಾನು ಅವಳನ್ನು ಒಮ್ಮೆಯೂ ಹೀಗೆ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು, ಎರಡೂ ಸೇರಿ ಕಣ್ಣು ತುಂಬಿತು. ಕೈ ಎತ್ತಲು ಹೋದ.

"ಒರೆಸ್ಕೋಬೇಡ ಅಪ್ಪಾ. ಹಾಗೇ ಇರು."

ಸೋಮವಾರ ನಾಲ್ಕಕ್ಕೆ ಅವಳು ಪೆನ್ಸಿಲು ಕೆಳಗಿಟ್ಟಾಗ ಮುಖ ಆಗಿತ್ತು, ಕಿವಿಯ ಮೇಲಿನ ಪೆನ್ಸಿಲು ಆಗಿತ್ತು. ಎಡ ಹೆಗಲ ಜಾಗದಲ್ಲಿ ಎರಡೇ ಗೆರೆ. ಮೇಷ್ಟ್ರು ನೋಡಿ, "ಆ ಕೈಗಳು ಚೆನ್ನಾಗಿದ್ವು. ಆದ್ರೆ ಇಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ" ಎಂದರು. ಚೀಲದಿಂದ ಪುಟ್ಟ ಡಬ್ಬಿ ತೆಗೆದು ದೂರದಿಂದ ಮಂಜಿನ ಹಾಗೆ ಏನನ್ನೋ ಸಿಂಪಡಿಸಿದರು. ಬಡಗಿ ಆ ಹೊತ್ತು ಗೋಡೆಗೆ ಅಂಟಿಕೊಂಡು ನಿಂತಿದ್ದ.

ಮಗಳು ಚಿತ್ರವನ್ನು ಎರಡು ಪ್ಲೈವುಡ್ ತುಂಡುಗಳ ನಡುವೆ ಇಟ್ಟು ಕಟ್ಟಿದಳು. ಮೇಷ್ಟ್ರು ಕೈ ಚಾಚಿದರು. ಅವಳು ಅದನ್ನು ಅಪ್ಪನ ಮುಂದೆ ಹಿಡಿದಳು.

"ನೀನೇ ಕೊಟ್ಟು ಬಾ."

ಬಡಗಿ ಹೋಗಿ ಮೂರು ಸಲ ಸೋಪು ಹಚ್ಚಿ ಕೈ ತೊಳೆದು ಬಂದು ತೆಗೆದುಕೊಂಡ.

ಮುಂದಿನ ತಿಂಗಳ ಪಟ್ಟಿಯಲ್ಲಿ ಅವಳ ಹೆಸರು ಎರಡನೆಯದಾಗಿತ್ತು ಎಂಬುದನ್ನು ಈಗಲೇ ಹೇಳಿಬಿಡುವುದು ವಾಸಿ. ಆದರೆ ಆ ಸಂಜೆ ಅದು ಯಾರಿಗೆ ಗೊತ್ತಿತ್ತು? ಚಿತ್ರಶಾಲೆಯ ಮೇಜಿನ ಹಿಂದಿದ್ದ ಹೆಂಗಸು ಕಟ್ಟು ಬಿಚ್ಚಿದಳು. ಚಿತ್ರ ನೋಡಿದಳು, ಬಡಗಿಯನ್ನು ನೋಡಿದಳು, ಮತ್ತೆ ಚಿತ್ರ ನೋಡಿದಳು.

"ಹೆಗಲ ಹತ್ರ ಖಾಲಿ ಇದೆಯಲ್ಲ. ಪೂರ್ತಿ ಆಗಿದೆಯಾ? ಇನ್ನೂ ಕಾಲು ಗಂಟೆ ಇದೆ, ಬೇಕಾದ್ರೆ ತಗೊಂಡು ಹೋಗಿ."

ಮೇಜಿನ ಅಡಿಗೂ ಒಂದು ಕೈ ಬಳಿಯದೆ ಬಿಡದ ಮನುಷ್ಯ ಆ ಖಾಲಿ ಹೆಗಲನ್ನು ಬಹಳ ಹೊತ್ತು ನೋಡಿದ.

"ಪೂರ್ತಿ ಆಗಿದೆ ಮೇಡಂ," ಎಂದ. "ಅದಕ್ಕೆ ಇನ್ನೇನೂ ಹಚ್ಚಬೇಡಿ."