ಕಿವಿಯಲ್ಲಿ ಹೇಳುವ ಹೆಸರು

"ಹೇಳಿ ಅತ್ತಿಗೆ, ಇನ್ನು ರಾಹುಕಾಲ ಶುರುವಾಗ್ತದೆ," ಎಂದು ಮೈದುನ ದೂಮಪ್ಪ ಮತ್ತೊಮ್ಮೆ ಅವಸರ ಮಾಡಿದ.

ಅಕ್ಕು ತೊಟ್ಟಿಲಿನ ಅಂಚು ಹಿಡಿದು ನಿಂತೇ ಇದ್ದಳು. ಐರೋಲಿಯ ಆ ಫ್ಲ್ಯಾಟಿನ ಹಾಲ್‌ನಲ್ಲಿ ಸೋಫಾವನ್ನು ಗೋಡೆಗೆ ಒತ್ತರಿಸಿ, ಬಾಡಿಗೆಗೆ ತಂದ ಮರದ ತೊಟ್ಟಿಲನ್ನು ನಡುವೆ ಇಟ್ಟಿದ್ದರು. ಒಳಗೆ ಮೊಮ್ಮಗ ಮುಷ್ಟಿ ಬಿಗಿದು ಮಲಗಿದ್ದ. ಅಜ್ಜಿ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕು, ಆಮೇಲೆ ಎಲ್ಲರಿಗೂ ಕೇಳುವಂತೆ ಕೂಗಬೇಕು; ಅದು ಅವರ ಮನೆತನದ ಪದ್ಧತಿ. ಅಜ್ಜಿ ಕೂಗಿದ್ದೇ ಹೆಸರು, ಆಮೇಲೆ ಬದಲಾಯಿಸುವ ಮಾತಿಲ್ಲ. ಮೊದಲ ಮೊಮ್ಮಗನಿಗೆ ತೀರಿಹೋದ ಅಜ್ಜನ ಹೆಸರನ್ನೇ ಇಡಬೇಕೆಂಬುದೂ ಪದ್ಧತಿಯೇ. ಎಂದರೆ, ಮುಂಡಪ್ಪ.

ಮದುವೆಯಾದಂದಿನಿಂದ ಅಕ್ಕು ಆ ಹೆಸರನ್ನು ಬಾಯಲ್ಲಿ ಆಡಿದವಳಲ್ಲ. ಗಂಡನ ಹೆಸರು ಹೇಳಬಾರದೆಂಬ ಹಳೆಯ ರಿವಾಜನ್ನು ಅವಳಷ್ಟು ನಿಷ್ಠೆಯಿಂದ ಪಾಲಿಸಿದವರಿಲ್ಲ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಹೊಗಳುವವರ ಗಂಟೇನು ಹೋಗುತ್ತದೆ! ನಿಜವಾಗಿ ಅವಳಿಗೆ ಆ ಹೆಸರು ಕೇಳಿದರೇ ಆಗುತ್ತಿರಲಿಲ್ಲ.

ಮುಂಡಪ್ಪನಾದರೋ ಅಡ್ಡಹೆಸರಿಡುವುದರಲ್ಲಿ ಎತ್ತಿದ ಕೈ. ಕಲ್ಯಾಣದ ಸ್ಟೇಷನ್ ಹತ್ತಿರದ ಅವನ ಹೋಟೆಲಿಗೆ ಕೆಲಸಕ್ಕೆ ಸೇರಿದವರ ಸ್ವಂತ ಹೆಸರು ವಾರದೊಳಗೆ ಮಾಯವಾಗುತ್ತಿತ್ತು. ದೋಸೆ ಹಾಕುವವನು ಗೂಬೆ, ಲೋಟ ತೊಳೆಯುವವನು ಎಮ್ಮೆ. ಗಿರಾಕಿಗಳು ಬಿದ್ದು ಬಿದ್ದು ನಗುತ್ತಿದ್ದರು. ಹೆಂಡತಿಗೆ ಅವನು ಇಟ್ಟ ಹೆಸರು ಪೊಟ್ಟಿ. ತುಳುವಿನಲ್ಲಿ ದಡ್ಡಿ, ಪೆದ್ದಿ ಎಂದರ್ಥ. ಅವಳ ತವರಿನವರು ಬಂದಾಗಲೂ ಪೊಟ್ಟಿಯೇ, ಹಾಲಿನವನೆದುರಿಗೂ ಪೊಟ್ಟಿಯೇ. ಮಗ ಕೀರ್ತನ್‌ಗೆ ಆಗಷ್ಟೇ ಮಾತು ಬರತೊಡಗಿತ್ತು. ಅಪ್ಪನ ತೊಡೆಯ ಮೇಲೆ ಗಲ್ಲಾದಲ್ಲಿ ಕೂತು, "ಪೊಟ್ಟಿ, ಚಾ ತಾ!" ಎಂದು ಕೂಗಿದ್ದ. ಇಡೀ ಹೋಟೆಲು ನಕ್ಕಿತು. ಮುಂಡಪ್ಪ ಮಗನ ಕೈಗೆ ಜಿಲೇಬಿ ಕೊಟ್ಟ. ಅಂದಿನಿಂದ ಜಿಲೇಬಿಯ ಆಸೆಗೆ ಹುಡುಗ ದಿನವೂ ಕೂಗಿದ, ಶಾಲೆಗೆ ಸೇರುವವರೆಗೂ ಕೂಗಿದ.

ಈಗ ಆ ಹುಡುಗನೇ ತೊಟ್ಟಿಲಿನ ಆಚೆ ನಿಂತು ಕಣ್ಣು ತುಂಬಿಕೊಂಡಿದ್ದ. ಅಪ್ಪ ಹೋಗಿ ಇನ್ನೂ ವರ್ಷವಾಗಿರಲಿಲ್ಲ. "ಹೇಳು ಅಮ್ಮ. ಅಪ್ಪ ವಾಪಸ್ ಬಂದ ಹಾಗೆ ಆಗ್ತದೆ," ಎಂದ.

ವಾಪಸ್ ಬಂದ ಹಾಗೆ! ಮುಂಡಪ್ಪಾ ಊಟಕ್ಕೆ ಬಾ, ಮುಂಡಪ್ಪಾ ಸ್ನಾನಕ್ಕೆ ಏಳು ಎಂದು ಬೆಳಗಿನಿಂದ ರಾತ್ರಿಯವರೆಗೆ ಕರೆಯುತ್ತ, ಉಳಿದ ಆಯುಷ್ಯವನ್ನು ಅಕ್ಕು ಇದೇ ಮನೆಯಲ್ಲಿ ಕಳೆಯಬೇಕಿತ್ತು. ಕೂಸಿನ ಮುಖ ನೋಡಿ ಮುದ್ದು ಬರುವ ಮೊದಲೇ ಆ ಹೆಸರು ನೆನಪಾಗುತ್ತದೆ. ಅದು ಅವಳಿಗೆ ಬೇಡವಾಗಿತ್ತು. ಆದರೆ ಬೇಡ ಎಂದು ಗಟ್ಟಿಯಾಗಿ ಹೇಳಿ ಅಭ್ಯಾಸವಿರಲಿಲ್ಲ.

ಸೊಸೆ ಸೋನಾಲಿ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು. ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದವಳು. ಬೆಳಿಗ್ಗೆ ಅಡುಗೆಮನೆಯಲ್ಲಿ, "ಅತ್ತೆ, ಸ್ಕೂಲ್ ಮೇ ಸಬ್ ಚಿಡಾಯೇಂಗೆ ಇಸ್ಕೋ. ಬೇರೆ ಹೆಸ್ರು ಇಡುವಾ, ಪ್ಲೀಸ್," ಎಂದು, ಶಾಲೆಯಲ್ಲಿ ಎಲ್ಲರೂ ಮಗನನ್ನು ಗೇಲಿ ಮಾಡುತ್ತಾರೆಂಬ ಭಯದಲ್ಲಿ ಅತ್ತಿದ್ದಳು. ಅಕ್ಕು ಪಾಯಸ ತಿರುವುತ್ತಲೇ ಇದ್ದಳು. ಅತ್ತೆಗೂ ಅಜ್ಜನ ಹೆಸರೇ ಬೇಕು ಎಂದು ಸೊಸೆ ತಿಳಿದುಕೊಂಡಳು.

ದೂಮಪ್ಪ ನಕ್ಕ. ಸತ್ತವನ ತಮ್ಮ; ನಗುವೂ ಅಣ್ಣನದೇ. "ಗಂಡನ ಹೆಸರು ಅಂತ ನಾಚಿಕೆಯಾ ಮಾರಾಯ್ರೆ? ದೇವರು ಏನೂ ಮಾಡುದಿಲ್ಲ. ಇವತ್ತೊಂದು ದಿನ ಬಾಯಿ ಬಿಡಿ."

ಅಕ್ಕು ನೆಟ್ಟಗೆ ನಿಂತಳು.

"ಮುಂಡಪ್ಪ," ಎಂದಳು.

"ಆಂ, ಹಾಗೆ! ಮೊದಲು ಕಿವಿಯಲ್ಲಿ, ಕಿವಿಯಲ್ಲಿ," ಎಂದು ದೂಮಪ್ಪ ಮುಂದೆ ಬಂದ.

"ಮುಂಡಪ್ಪ ಸತ್ತಾಯ್ತಲ್ಲ," ಎಂದಳು ಅಕ್ಕು. ದನಿ ಒಡೆದರೂ ಮಾತು ನಿಲ್ಲಲಿಲ್ಲ. "ಇನ್ನು ಈ ಮನೆಯಲ್ಲಿ ಅವನನ್ನು ಕರಿಯುದು ಬೇಡ. ನಂಗೆ ಬೇಡ."

ದೂಮಪ್ಪನ ಮುಖ ಕೆಂಪಾಯಿತು. "ಎಂತ ಮಾತು ಅತ್ತಿಗೆ ಇದು? ಅಣ್ಣನಿಗೆ ಏಕವಚನವಾ?"

"ನಿಮ್ಮಣ್ಣ ನಂಗೆ ಯಾವ ವಚನದಲ್ಲಿ ಕರೀತಿದ್ದದ್ದು ಅಂತ ನಿಮ್ಗೆ ಗೊತ್ತಿಲ್ವಾ? ನೀವೂ ಕರ್ದಿದ್ದೀರಿ."

"ಅಮ್ಮ, ಅದು ತಮಾಷೆಗೆ..." ಎಂದ ಕೀರ್ತನ್.

"ನೀನು ಆಗ ಚಿಕ್ಕವ. ನಿಂಗೆ ತಮಾಷೆಯೇ," ಎಂದು ಅಕ್ಕು ಮಗನನ್ನು ನೋಡಿದಳು. ಸಿಟ್ಟಿಗಿಂತ ಹೆಚ್ಚಾಗಿ ದಣಿವಾಗಿತ್ತು ಅವಳಿಗೆ. "ನಾನು ಹೋಟೆಲಿನ ಹಿಂದೆ ಹೋಗಿ ಅಳ್ತಿದ್ದೆ, ಮಗಾ."

ದೂಮಪ್ಪ ಕೈಯಲ್ಲಿದ್ದ ಸಿಹಿಯ ತಟ್ಟೆಯನ್ನು ಸದ್ದಾಗುವಂತೆ ಕೆಳಗಿಟ್ಟು ಬಾಲ್ಕನಿಗೆ ಹೋದ.

"ಸೋನಾಲಿ, ನಿನ್ನ ಮನಸ್ಸಲ್ಲಿರುವ ಹೆಸರು ಯಾವುದು?" ಎಂದು ಅಕ್ಕು ಸೊಸೆಯತ್ತ ತಿರುಗಿದಳು.

"ತನ್ಮಯ, ಅತ್ತೆ," ಎಂದಳು ಸೊಸೆ, ಉಸಿರೇ ಇಲ್ಲದವಳ ಹಾಗೆ.

ಅಕ್ಕು ತೊಟ್ಟಿಲಿಗೆ ಬಗ್ಗಿದಳು. ಮಗುವಿನ ಕಿವಿಯ ಬಳಿ ಬಹಳ ಹೊತ್ತು ಪಿಸುಗುಟ್ಟಿದಳು. ಆಮೇಲೆ ತಲೆಯೆತ್ತಿ ಒಮ್ಮೆ ಗಟ್ಟಿಯಾಗಿ ಕೂಗಿದಳು. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಎದುರು ಫ್ಲ್ಯಾಟಿನ ಮರಾಠಿ ಹೆಂಗಸು ಬೆಳ್ಳಿಯ ಬಟ್ಟಲು ಹಿಡಿದು ನಿಂತಿದ್ದಳು. ಬಾಗಿಲು ತೆರೆಯಲು ಹೋದವನು ಕೀರ್ತನ್. "ನಾವ್ ಕಾಯ್ ಠೇವ್ಲಂ?" ಏನು ಹೆಸರಿಟ್ಟಿರಿ ಎಂದು ಅವಳು ನಗುತ್ತ ಕೇಳಿದಳು.

ಕೀರ್ತನ್ ಬಾಗಿಲಿನ ಚಿಲಕ ಹಿಡಿದು ನಿಂತ. ಅಕ್ಕು ಮಗನ ಬೆನ್ನನ್ನೇ ನೋಡುತ್ತಿದ್ದಳು. ಅವನು ಒಮ್ಮೆ ಗಂಟಲು ಸರಿಮಾಡಿಕೊಂಡ.

"ತನ್ಮಯ," ಎಂದ. "ಆಯೀನೇ ಠೇವ್ಲಂ."

ಅಮ್ಮ ಇಟ್ಟದ್ದು.